ಸಂಪಿನಲ್ಲಿದ್ದ ನೆಂಟರು

ಕಳೆದ ವರ್ಷ ಗಣೇಶನ ಹಬ್ಬದ ಹಿಂದಿನ ಸೋಮವಾರ, ಚಾಮರಾಜಪೇಟೆಯ ನಮ್ಮ ಹಳೆಯ ಮನೆಯಿಂದ ಅಣ್ಣನನ್ನು ಆಸ್ಪತ್ರೆಗೆ ಸೇರಿಸಿದೆವು. ಇಲಿಜ್ವರ ಎಂಬುದು ರಕ್ತಪರೀಕ್ಷೆಯಲ್ಲಿ ಖಚಿತವಾಯಿತು. ಇಷ್ಟಕ್ಕೆ ದಾಖಲೆ ಇದೆ. ಮುಂದೆ ಬರೆಯುವುದಕ್ಕೆ ನನ್ನ ಮತ್ತು ಅತ್ತಿಗೆಯ ಮಾತಲ್ಲದೆ ಬೇರೆ ಸಾಕ್ಷಿಯಿಲ್ಲ.

ಪತ್ರಿಕೆಯ ಕೆಲಸದಲ್ಲೇ ತಲೆ ನೆರೆತವನು ನಾನು. ಸತ್ತವರು ಬಂದು ಮಾತಾಡಿದರು ಎಂದು ಕಚೇರಿಗೆ ಬಂದವರಿಗೆ ಕಾಫಿ ಕುಡಿಸಿ ಕಳಿಸಿದ್ದೇನೆ. ಒಂದು ಸಾಲನ್ನೂ ಅಚ್ಚು ಮಾಡಿಸಿಲ್ಲ.

ಅಂದು ಬೆಳಿಗ್ಗೆ ಬಸವನಗುಡಿಯ ನನ್ನ ಮನೆಯಿಂದ ಅಣ್ಣನನ್ನು ನೋಡಲು ಹೋದೆ. ಜ್ವರ ಹಿಡಿದು ನಾಲ್ಕೈದು ದಿನವಾಗಿತ್ತು. ಕಣ್ಣುಗಳು ಅರಿಶಿನದ ಬಣ್ಣಕ್ಕೆ ತಿರುಗಿದ್ದವು. ಮೀನಖಂಡ ಮುಟ್ಟಿದರೆ ನರಳುತ್ತಿದ್ದ. ಅತ್ತಿಗೆ ಅದು ಕಾಮಾಲೆಯೆಂದು ತೀರ್ಮಾನಿಸಿ ನಾಟಿ ಔಷಧಿ ತರಿಸಿದ್ದರು. ನಾನೂ ಹಾಗೇ ಅಂದುಕೊಂಡೆ. ಲೋಟಕ್ಕೆ ಔಷಧಿ ಬಗ್ಗಿಸುತ್ತಾ ಅವರು ಹೇಳಿದರು:

"ಬೆಳಗ್ಗೆ ಯಾರೋ ಮುದುಕಮ್ಮ ಹಿತ್ತಲಲ್ಲಿ ನಿಂತಿದ್ರು. 'ಸಂಪಲ್ಲಿ ನೆಂಟರಿದಾರೆ, ದೊಡ್ಡೋನಿಗೆ ಹೇಳು' ಅಂದ್ರು. ಪಾಪ, ತಲೆ ಸರಿ ಇಲ್ಲ ಅನ್ಸುತ್ತೆ. ನಿಮ್ಮ ಕಡೆ ನೆಂಟರು ಸಂಪಲ್ಲಿ ಯಾಕಿರ್ತಾರೆ? ನೇರ ಅಡುಗೆಮನೆಗೇ ಬರ್ತಾರಲ್ಲ."

"ಏನಂದ್ರು? ಇನ್ನೊಂದ್ಸಲ ಹೇಳಿ ಅತ್ತಿಗೆ."

ಅವರು ಹೇಳಿದರು.

ನಮ್ಮ ಅಜ್ಜಿ ಮನೆಯೊಳಗೆ ಇಲಿ, ಹೆಗ್ಗಣ ಎಂಬ ಹೆಸರೆತ್ತಲು ಬಿಡುತ್ತಿರಲಿಲ್ಲ. ಅವು ಕೇಳಿಸಿಕೊಂಡರೆ ಪಾಷಾಣ ಮುಟ್ಟುವುದಿಲ್ಲ ಎಂಬ ನಂಬಿಕೆ. ಅವಳ ಬಾಯಲ್ಲಿ ಅವು ನೆಂಟರು. ಅಣ್ಣ ದೊಡ್ಡೋನು, ನಾನು ಸಣ್ಣೋನು. ಅವಳು ತೀರಿಕೊಂಡ ಮೇಲೆ ಆ ಮಾತುಗಳೆಲ್ಲ ನಿಂತುಹೋದವು. ಅತ್ತಿಗೆ ಈ ಮನೆಗೆ ಬಂದದ್ದು ಅದಾಗಿ ಎಷ್ಟೋ ವರ್ಷಗಳಿಗೆ.

ಹಿತ್ತಲಿಗೆ ಹೋಗಿ ಸಂಪಿನ ಮುಚ್ಚಳ ಸರಿಸಿದೆ. ಗೋಡೆಯಲ್ಲಿ ಬಿಲ. ನೀರಿನ ಮೇಲೆ ಉಬ್ಬಿದ ಹೆಗ್ಗಣ. ಹಬ್ಬ ಬರುತ್ತಿದೆಯೆಂದು ಅಣ್ಣ ಎರಡು ವಾರದ ಹಿಂದೆ ಬರಿಗಾಲಲ್ಲಿ ಅದರೊಳಗೆ ಇಳಿದು ತೊಳೆದಿದ್ದನಂತೆ. ಅವನ ಹಿಮ್ಮಡಿ ಯಾವಾಗಲೂ ಒಡೆದು ರಕ್ತ ಒಸರುತ್ತಿರುತ್ತದೆ. ಇಲಿಯ ಉಚ್ಚೆ ಬೆರೆತ ನೀರು ಗಾಯಕ್ಕೆ ತಾಗಿ ಬರುವ ಈ ಜ್ವರದ ಸುದ್ದಿಗಳನ್ನು ನಾನೇ ತಿದ್ದಿ ಪುಟಕ್ಕೆ ಹಾಕಿದ್ದೆ. ಲೋಟ ಪಕ್ಕಕ್ಕಿಡಿಸಿ ಆಟೋ ಕರೆಸಿದೆ.

"ಇಲಿ ನೀರಿನ ವಿಷಯ ನೀವಾಗೇ ಹೇಳಿದ್ದು ಒಳ್ಳೇದಾಯ್ತು," ಎಂದರು ಡಾಕ್ಟರು. "ಕಿಡ್ನಿ ಆಗ್ಲೇ ಸೋಲ್ತಿದೆ. ಈಗ್ಲೇ ಇಂಜೆಕ್ಷನ್ ಶುರು ಮಾಡ್ತೀವಿ. ಮನೇಲಿ ಇಟ್ಕೊಂಡಿದ್ರೆ ಉಳೀತಿರ್ಲಿಲ್ಲ."

ಸಂಜೆ ಮರಳಿ ಬಂದು ಹಿತ್ತಲು ನೋಡಿದೆ. ಮೂರು ಕಡೆ ಆಳೆತ್ತರದ ಗೋಡೆ; ಮನೆಯೊಳಗಿಂದಲ್ಲದೆ ಅಲ್ಲಿಗೆ ದಾರಿಯಿಲ್ಲ. ಅಕ್ಕಪಕ್ಕದವರನ್ನು ವಿಚಾರಿಸಿದೆ. ಅಂಥ ಮುದುಕಿಯನ್ನು ಕಂಡವರಿಲ್ಲ. ಅಣ್ಣನೇ ಜ್ವರದಲ್ಲಿ ಕನವರಿಸಿರಬಹುದೇ ಎಂದು ಅತ್ತಿಗೆಯನ್ನು ಕೇಳಿದೆ.

"ಹೂಂ ಅನ್ನೋದು ಬಿಟ್ಟು ಅವ್ರು ಬಾಯೇ ಬಿಟ್ಟಿಲ್ಲ. ಆಕೇನ ನಾನು ಕಣ್ಣಾರೆ ನೋಡಿದೀನಿ. ನೀವು ಪೇಪರಿನೋರು, ನಾನೇನು ಸುಳ್ಳು ಬರೆಸ್ತೀನಾ?"

ನೆಂಟರು ಎಂದರೆ ಯಾರೆಂದು ಆಗ ಅವರಿಗೆ ತಿಳಿಸಿದೆ. ನಮ್ಮನ್ನು ಅಜ್ಜಿ ಹೇಗೆ ಕರೆಯುತ್ತಿದ್ದಳು ಎಂಬುದನ್ನು ಹೇಳಲಿಲ್ಲ. ಅಣ್ಣನೂ ಹೇಳಿಲ್ಲವೆನ್ನುತ್ತಾನೆ.

ಅಣ್ಣ ಗುಣವಾಗಿ ಮನೆಗೆ ಬಂದ. ಸಂಪನ್ನು ಮುಚ್ಚಿಸಿದೆವು. ಕಳೆದ ಭಾನುವಾರ ಅಲ್ಲಿಗೆ ಊಟಕ್ಕೆ ಹೋಗಿದ್ದೆ. ಅಟ್ಟದ ಮೇಲೆ ಏನೋ ಪರಪರ ಸದ್ದಾಯಿತು. ಇಲಿ ಇರಬೇಕು ಎಂದೆ. ಸಾರು ಬಡಿಸುತ್ತಿದ್ದ ಅತ್ತಿಗೆ ಸೌಟು ಹಿಡಿದಂತೆಯೇ ತಲೆಯೆತ್ತಿ ಅಟ್ಟ ನೋಡಿದರು.

"ಮೆಲ್ಲಗೆ, ಸಣ್ಣೋನೇ. ಕೇಳಿಸ್ಕೊಳ್ತವೆ."