ಎಡಗಡೆಯ ಗಂಟು

ಎಮ್ಮೆದೊಡ್ಡಿ ಹುಲ್ಲುಗಾವಲಿನ ಅಮೃತಮಹಲ್ ದನಗಳಿಗೆ ಸರ್ಕಾರದ ಮೇಲೆ ನಂಬಿಕೆಯಿಲ್ಲ. ಇದು ಟೀಕೆಯಲ್ಲ, ಅನುಭವ. ಸರ್ಕಾರದ ಪರವಾಗಿ ಸಿರಿಂಜು ಹಿಡಿದು ಅವುಗಳ ಮುಂದೆ ನಿಲ್ಲುತ್ತಿದ್ದವನು ನಾನೇ. ಪಶುಪಾಲನಾ ಇಲಾಖೆಯಲ್ಲಿ ಲಸಿಕೆ ಹಾಕುವ ಕೆಲಸ ನನ್ನದು. ಕೋಡಿಗೆ ಹಗ್ಗ ಬಿಗಿದು ಮರಕ್ಕೆ ಕಟ್ಟಿದ ಮೇಲೂ ಆ ದನ ಓರೆಗಣ್ಣಿನಿಂದ ನೋಡುತ್ತಿದ್ದ ರೀತಿ, 'ಎಲ್ಲಿ, ನಿನ್ನ ನೇಮಕಾತಿ ಆದೇಶ ತೋರಿಸು' ಎನ್ನುವಂತಿರುತ್ತಿತ್ತು. ಆ ನೋಟದಲ್ಲಿ ನ್ಯಾಯವಿತ್ತೆಂದು ನನಗೆ ಅರ್ಥವಾಗಲು ನಾನು ನಿವೃತ್ತನಾಗಿ, ಅಜ್ಜಂಪುರದಲ್ಲಿ ಮನೆ ಮಾಡಿ, ಸೂಜಿ ನನ್ನ ಹೊಟ್ಟೆಗೇ ಬರಬೇಕಾಯಿತು.

ಚರ್ಮದಡಿಗೆ ಚುಚ್ಚುವುದು ಒಂದು ವಿದ್ಯೆ. ಮಾಂಸಕ್ಕೆ ಚುಚ್ಚುವವನಿಗೆ ಧೈರ್ಯ ಸಾಕು, ನರಕ್ಕೆ ಕೊಡುವವನಿಗೆ ಕಣ್ಣು ಬೇಕು, ಚರ್ಮದಡಿಗೆ ಕೊಡುವವನಿಗೆ ಬೆರಳು ಬೇಕು. ಕುತ್ತಿಗೆಯ ಪಕ್ಕದ ಸಡಿಲ ಚರ್ಮವನ್ನು ಎತ್ತಿ ಹಿಡಿದು, ಆ ಮಡಿಕೆಯ ಬುಡಕ್ಕೆ ಸೂಜಿ ಬಿಡಬೇಕು. ಮದ್ದು ಚರ್ಮಕ್ಕೂ ಮಾಂಸಕ್ಕೂ ನಡುವೆ ಕೂತು, ಅವಸರವಿಲ್ಲದೆ ಮೈಗೆ ಇಳಿಯುತ್ತದೆ. ನಮ್ಮ ತಂಡದಲ್ಲಿ ಇದಕ್ಕೊಂದು ಕಟ್ಟಳೆ ಇತ್ತು. ಗಂಟಲುಬೇನೆಯ ಲಸಿಕೆ ಕುತ್ತಿಗೆಯ ಎಡಕ್ಕೆ, ಚಪ್ಪೆಬೇನೆಯದು ಬಲಕ್ಕೆ. ಆಕಾಶ ಬಿದ್ದರೂ ಇದು ಅದಲುಬದಲಾಗಬಾರದು. ಅಷ್ಟು ದೊಡ್ಡ ಹಿಂಡಿನಲ್ಲಿ ಯಾವುದಕ್ಕೆ ಮದ್ದಾಯಿತು, ಯಾವುದು ಜಾಲಿ ಪೊದೆಯ ಹಿಂದೆ ಉಳಿಯಿತು ಎಂದು ಬೇರೆ ಹೇಗೆ ತಿಳಿಯಬೇಕು? ಮುಂದಿನ ಸಲ ಹೋದಾಗ ಎಡಗಡೆ ಒಂದು ಗಂಟು ಕೈಗೆ ಸಿಕ್ಕಿತೋ, 'ಮದ್ದು ಹಿಡಿದದೆ, ಬಿಡ್ರಲೇ' ಎನ್ನುತ್ತಿದ್ದೆವು. ಗಂಟಿಲ್ಲದ ದನವೇ ಅನುಮಾನಾಸ್ಪದ. ಈ ಸಿದ್ಧಾಂತದ ಮೇಲೆ ನನ್ನ ಸೇವಾವಧಿ ನಿರ್ವಿಘ್ನವಾಗಿ ನಡೆದು ಮುಗಿಯಿತು.

ಸಕ್ಕರೆ ಕಾಯಿಲೆ ನನಗೆ ಸರ್ವಿಸ್ಸಿನಲ್ಲಿದ್ದಾಗಲೇ ಬಂದಿತ್ತು. ಮಾತ್ರೆಗಳು ಕೈಲಾದಷ್ಟು ದುಡಿದು ಸೋತವು. ಅಷ್ಟರಲ್ಲಿ ಎರಡೂ ಕಣ್ಣಿಗೆ ಪೊರೆ ಬಂತು. ತರೀಕೆರೆಯ ಕಣ್ಣಿನ ಡಾಕ್ಟರು ಟಾರ್ಚು ಬಿಟ್ಟು ನೋಡಿ, ರಕ್ತದ ರಿಪೋರ್ಟು ನೋಡಿ, "ಈ ಸಕ್ಕರೇಲಿ ಕಣ್ಣಿಗೆ ಕೈ ಹಾಕಲ್ಲ ಯಜಮಾನ್ರೇ. ಇಳಿಸ್ಕೊಂಡು ಬನ್ನಿ, ಆಮೇಲೆ ನೋಡೋಣ" ಎಂದರು. ಇಳಿಸಲು ಕಡೂರಿನ ಡಾಕ್ಟರು ಇನ್ಸುಲಿನ್ ಬರೆದರು, ದಿನಾ ಊಟಕ್ಕೆ ಮುಂಚೆ ಹೊಟ್ಟೆಯ ಚರ್ಮದಡಿಗೆ. ಅಲ್ಲಿಗೆ ನನ್ನ ಕಣ್ಣು ನನ್ನ ಹೊಟ್ಟೆಯ ಸುಪರ್ದಿಗೆ ಹೋಯಿತು.

ಕಣ್ಣು ಬೇಕೇಬೇಕು ಎನ್ನಲು ಕಾರಣ ದಿನಪತ್ರಿಕೆ. ಅಕ್ಷರಗಳೆಲ್ಲ ನೊಣ ಮುತ್ತಿದ ಬೆಲ್ಲದಂತೆ ಕಾಣತೊಡಗಿದ ಮೇಲೆ ಪತ್ರಿಕೆಯನ್ನು ನನ್ನ ಹೆಂಡತಿ ಓದಿ ಹೇಳುತ್ತಿದ್ದಳು. ಅವಳ ಓದು ಸ್ಪಷ್ಟ, ಆದರೆ ಸುದ್ದಿಯ ಆಯ್ಕೆಯಲ್ಲಿ ನನಗೆ ಅನುಮಾನವಿತ್ತು. ಒಂದು ಬೆಳಿಗ್ಗೆ, "ಕೇಳಿ ಇಲ್ಲಿ: ಕದ್ದು ಸಿಹಿ ತಿಂದ ನಿವೃತ್ತ ನೌಕರ, ಎರಡೂ ಕಣ್ಣು ಹೋಗಿ ಪಶ್ಚಾತ್ತಾಪ" ಎಂದು ಓದಿದಳು.

"ಯಾವ ಪುಟದಲ್ಲಿದೆ ಅದು?" ಎಂದೆ.

"ಮೂಲೇಲಿ ಸಣ್ಣಕ್ಕೆ ಹಾಕವ್ರೆ. ನಿಮಗೆ ಕಾಣ್ಸಲ್ಲ ಬಿಡಿ."

ಒಬ್ಬ ಮನುಷ್ಯ ತನ್ನ ಸುದ್ದಿಯನ್ನು ತಾನೇ ಓದಿಕೊಳ್ಳುವ ಹಕ್ಕು ಕಳೆದುಕೊಂಡರೆ ಪ್ರಜಾಪ್ರಭುತ್ವದಲ್ಲಿ ಅವನಿಗೆ ಉಳಿಯುವುದೇನು?

ಸಿರಿಂಜಿನ ಮೇಲಿನ ಗೀಟುಗಳೂ ನನಗೆ ಕಾಣುತ್ತಿರಲಿಲ್ಲವಾದ್ದರಿಂದ ಚುಚ್ಚುವ ಕೆಲಸವೂ ಅವಳಿಗೇ ಬಂತು. ತರಬೇತಿ ನಾನೇ ಕೊಟ್ಟೆ. ಚರ್ಮ ಎತ್ತುವುದು, ಸೂಜಿ ಬಿಡುವುದು, ಬಿಟ್ಟು ತುಸು ಕಾದು ತೆಗೆಯುವುದು ಎಲ್ಲವನ್ನೂ ಇಲಾಖೆಯ ಶಿಸ್ತಿನಲ್ಲಿ ಕಲಿಸಿದೆ. ಜಾಗ ಮಾತ್ರ ಹೊಕ್ಕುಳಿನ ಎಡಗಡೆ, ಉಡಿದಾರಕ್ಕಿಂತ ತುಸು ಮೇಲೆ, ಯಾವತ್ತೂ ಅದೇ.

"ಜಾಗ ಬದಲಾಯ್ಸಿ ಅಂತ ಕಡೂರಿನ ನರ್ಸಮ್ಮ ಏನೋ ಅಂದಂಗಿತ್ತಲ್ಲ?" ಎಂದಳು.

"ಅವರು ಹೊಸಬರು ಕಣೇ. ಎಡ ಅಂದ್ರೆ ಎಡ. ಗುರುತು ಇರ್ಬೇಕು."

"ಯಾರಿಗೆ ಗುರುತು? ಇರೋದು ಒಂದು ಹೊಟ್ಟೆ. ಹಿಂಡಲ್ಲಿ ಕಳ್ದೋಗುತ್ತಾ?"

ನಾನು ಅಂಗಿ ಎತ್ತಿ ಎಡಗಡೆಯನ್ನೇ ತೋರಿಸಿದೆ. ಕೆಲವು ವಾರಗಳಲ್ಲಿ ಅಲ್ಲೊಂದು ಗಂಟು ಎದ್ದಿತು. ಮೊದಲು ಅಡಿಕೆಯಷ್ಟು, ಆಮೇಲೆ ನಿಂಬೆಕಾಯಷ್ಟು. ಬೆರಳಿಗೆ ಮೆತ್ತಗಿನ ರಬ್ಬರಿನ ಹಾಗೆ ಸಿಗುತ್ತಿತ್ತು. ಅಲ್ಲಿ ಚುಚ್ಚಿದರೆ ನೋವೂ ಇಲ್ಲ. ನನಗೆ ಅಪಾರ ಸಮಾಧಾನವಾಯಿತು. ಮದ್ದು ಹಿಡಿದಿತ್ತು.

ಆದರೆ ಸಕ್ಕರೆ ಇಳಿಯಲಿಲ್ಲ. ಕಡೂರಿನ ಡಾಕ್ಟರು ರಿಪೋರ್ಟು ನೋಡಿ ಡೋಸು ಏರಿಸಿದರು, ಸಕ್ಕರೆಯೂ ಗೌರವದಿಂದ ಜೊತೆಗೇ ಏರಿತು. ತರೀಕೆರೆಯವರು ಮತ್ತೆ ವಾಪಸು ಕಳಿಸಿದರು. ನಮ್ಮ ಮನೆಯಲ್ಲಿ ತನಿಖೆ ಶುರುವಾಯಿತು.

ಹೆಂಡತಿಯ ಅನುಮಾನ ನೇರವಾಗಿ ನನ್ನ ಮೇಲೆ. ನಾನು ಸಂಜೆ ಸ್ಟೇಷನ್ನಿನ ಕಡೆ ವಾಕಿಂಗ್ ಹೋಗುತ್ತಿದ್ದೆ, ಆ ದಾರಿಯಲ್ಲಿ ಕೇಸರಿಬಾತು ಮಾಡುವ ಒಂದು ಹೋಟೆಲು ಇದೆ, ಇಷ್ಟೇ ಸಾಕ್ಷ್ಯ. ಮನೆಗೆ ಬಂದೊಡನೆ ಅಂಗಿಯ ಜೇಬು ತಡಕುವುದು, ಮೀಸೆಯ ಹತ್ತಿರ ಮೂಗು ತಂದು ತುಪ್ಪದ ವಾಸನೆ ಹಿಡಿಯುವುದು. "ಪೊಲೀಸ್ ನಾಯಿ ಸಾಕಬೇಕಿತ್ತು ನಾವು" ಎಂದೆ. "ಅದಕ್ಯಾಕೆ ದಂಡ, ನಾನಿಲ್ವಾ" ಎಂದಳು.

ನನ್ನ ಅನುಮಾನ ಹೆಚ್ಚು ವಿಶಾಲವಾಗಿತ್ತು. ಮೊದಲು ಕಡೂರಿನ ಮೆಡಿಕಲ್ ಶಾಪಿನ ಮೇಲೆ ಬಿತ್ತು. ಬಿಸಿಲು ಕಂಡ ಮದ್ದು ನೀರಿಗೆ ಸಮ, ಹೆಪ್ಪುಗಟ್ಟಿದ ಮದ್ದು ಅದಕ್ಕಿಂತ ಕಡೆ. ಜೀವಮಾನವಿಡೀ ಐಸಿನ ಡಬ್ಬಿ ಹೊತ್ತವನಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಒಂದು ದಿನ ಕೌಂಟರಿನ ಒಳಗೇ ನುಗ್ಗಿ, ಅವರ ಫ್ರಿಜ್ಜಿಗೆ ಕೈ ಹಾಕಿ ತಣ್ಣಗಿದೆಯೇ ಎಂದು ನೋಡಿದೆ.

"ಸಾರ್, ಮದ್ದು ತಗೊಳಕ್ ಬಂದಿದೀರೋ, ರೇಡ್ ಮಾಡಕ್ ಬಂದಿದೀರೋ?" ಎಂದ ಅಂಗಡಿಯವನು.

"ಎರಡಕ್ಕೂ" ಎಂದೆ.

ಸಖರಾಯಪಟ್ಟಣದಿಂದ ಬಂದಿದ್ದ ಒಬ್ಬ ಹೆಂಗಸು ಅಲ್ಲೇ ನಿಂತಿದ್ದರು. ಅವರ ತಾಯಿಗೆ ಸೊಂಟದ ಮೂಳೆ ಆಪರೇಷನ್ ಆಗಿತ್ತು, ರಕ್ತ ಹೆಪ್ಪುಗಟ್ಟದಿರಲಿ ಎಂದು ಹೊಟ್ಟೆಯ ಚರ್ಮಕ್ಕೆ ಕೊಡುವ ಇಂಜೆಕ್ಷನ್ನು ಒಯ್ಯಲು ಬಂದಿದ್ದರು. ನನ್ನ ಗಾಂಭೀರ್ಯ ನೋಡಿ ನಾನು ಇನ್ಸ್‌ಪೆಕ್ಟರೇ ಇರಬೇಕೆಂದುಕೊಂಡು, "ಅಣ್ಣಾ, ನಮ್ದೂ ಒಂಚೂರು ಮುಟ್ಟಿ ನೋಡ್ರೀ" ಎಂದು ಪೊಟ್ಟಣ ಚಾಚಿದರು.

"ಅದಕ್ಕೆ ಫ್ರಿಜ್ ಬೇಡ ಕಣಮ್ಮ, ಬೆಚ್ಚಗಿದ್ರೂ ಬೇಜಾರಿಲ್ಲ ಅದಕ್ಕೆ. ನೀವು ಹೊರಡಿ" ಎಂದು ಅಂಗಡಿಯವನು ಅವರನ್ನು ಕಳಿಸಿಕೊಟ್ಟ. ಫ್ರಿಜ್ಜು ತಣ್ಣಗೇ ಇತ್ತು. ಅನುಮಾನಿಸುವವನಿಗೆ ಇದಕ್ಕಿಂತ ದೊಡ್ಡ ನಿರಾಸೆಯಿಲ್ಲ.

ಕಡೂರಿನಿಂದ ಮದ್ದು ತರುವ ಬಸ್ಸನ್ನು ಅನುಮಾನಿಸಿ ಐಸು ತುಂಬಿದ ಫ್ಲಾಸ್ಕು ಒಯ್ದೆ. ಮನೆಯಲ್ಲಿ ಸಕ್ಕರೆ ಅಳೆಯುವ ಮೀಟರನ್ನು ಅನುಮಾನಿಸಿ ಲ್ಯಾಬಿನಲ್ಲಿ ರಕ್ತ ಕೊಟ್ಟೆ. ಎಲ್ಲರೂ ನಿರಪರಾಧಿಗಳು. ಕೊನೆಗೆ ಉಳಿದದ್ದು ಸಿರಿಂಜು ತುಂಬುವ ಕೈ ಒಂದೇ. ಹೆಚ್ಚು ಕೊಟ್ಟರೆ ಸಕ್ಕರೆ ಕುಸಿದು ನಾನು ಬಿದ್ದೇನೆಂದು ಹೆಂಡತಿಗೆ ಹೆದರಿಕೆಯಿತ್ತು. ಹೆದರಿದವಳು ಒಂದೆರಡು ಗೀಟು ಕಮ್ಮಿ ತುಂಬುತ್ತಿದ್ದರೆ? ನೋಡೋಣವೆಂದರೆ ಕಣ್ಣಿಲ್ಲ. ಗೀಟು ನೋಡದೆ ಸಕ್ಕರೆ ಇಳಿಯದು, ಸಕ್ಕರೆ ಇಳಿಯದೆ ಗೀಟು ಕಾಣದು. ಇಂಥ ಕಟ್ಟಿನಲ್ಲಿ ಯಾವ ದನವನ್ನೂ ನಾವು ಬಿಗಿದಿರಲಿಲ್ಲ.

ನಮ್ಮ ಪಕ್ಕದ ಮನೆಯವರು ಶಿವನಿ ರೈಲ್ವೆ ಸ್ಟೇಷನ್ನಿನಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಆಗಿದ್ದವರು, ದೂರದ ಸಿಗ್ನಲ್ಲು ನೋಡಿಯೇ ಬದುಕಿದವರು. ಒಂದು ಬೆಳಿಗ್ಗೆ ಅವಳು ಸಿರಿಂಜು ತುಂಬಿ ತಟ್ಟೆಯಲ್ಲಿಟ್ಟು ಒಲೆಯ ಕಡೆ ತಿರುಗಿದಾಗ, ಅದನ್ನೆತ್ತಿಕೊಂಡು ಹಿತ್ತಿಲ ಕಾಂಪೌಂಡಿಗೆ ಹೋದೆ. "ಎಷ್ಟು ಗೀಟಿಗೆ ತುಂಬಿದಾರೆ, ನೋಡಿ ಹೇಳಿ" ಎಂದು ಪಿಸುಗುಟ್ಟಿದೆ.

ಅವರು ಸಿರಿಂಜನ್ನು ಬಿಸಿಲಿಗೆ ಹಿಡಿದು, ಊರಿಗೆಲ್ಲ ಕೇಳುವಂತೆ, "ಡಾಕ್ಟ್ರು ಎಷ್ಟು ಬರೆದವ್ರೋ ಅಷ್ಟೇ ಅದೆ ಕಣ್ರೀ! ಒಂದು ಗೀಟು ಹೆಚ್ಚಿಲ್ಲ, ಕಮ್ಮಿಯಿಲ್ಲ! ಯಾಕೆ, ಏನಾಯ್ತು?" ಎಂದರು. ರೈಲಿನ ಸದ್ದಿನ ಮೇಲೆ ಮಾತಾಡಿ ಅಭ್ಯಾಸವಾದ ಗಂಟಲು.

ತಿರುಗಿದರೆ ಅಡಿಗೆಮನೆಯ ಕಿಟಕಿಯಲ್ಲಿ ಅವಳು. ಮುಖ ನನಗೆ ಮಸುಕು ಮಸುಕಾಗಿ ಕಂಡಿತು. ಪೊರೆ ಇದ್ದದ್ದು ಆ ಹೊತ್ತಿಗೆ ಒಳ್ಳೆಯದೇ ಆಯಿತು. ಮಾರನೆಯ ದಿನದಿಂದ ಸಿರಿಂಜು ತುಂಬಿ ನನ್ನ ಕೈಗೇ ಕೊಡತೊಡಗಿದಳು: "ತಗೊಳ್ಳಿ. ಪಂಚಾಯ್ತಿಗೆ ಒಯ್ದು ತೋರಿಸ್ಕೊಂಡು ಬನ್ನಿ. ಆಮೇಲೆ ಚುಚ್ತೀನಿ." ಪತ್ರಿಕೆ ಓದುವುದು ನಿಂತಿತು. ಸಿಹಿ ತಿಂದು ಕುರುಡಾದ ನೌಕರನ ಸುದ್ದಿಯೂ ಇಲ್ಲದ ಬೆಳಿಗ್ಗೆಗಳು ಬಹಳ ಉದ್ದವಾಗಿದ್ದವು.

ಮುಂದಿನ ಸಲ ಕಡೂರಿಗೆ ಇಬ್ಬರೂ ಹೋದೆವು, ಬಸ್ಸಿನಲ್ಲಿ ಅವಳು ಹೆಂಗಸರ ಸೀಟಿನಲ್ಲಿ, ನಾನು ಹಿಂದೆ. ಮಾಮೂಲಿ ಡಾಕ್ಟರು ರಜೆಯಲ್ಲಿದ್ದರು. ಅವರ ಕುರ್ಚಿಯಲ್ಲಿದ್ದ ಹುಡುಗಿಯಂಥ ಡಾಕ್ಟರು ರಿಪೋರ್ಟುಗಳನ್ನು ಪಕ್ಕಕ್ಕಿಟ್ಟು, "ಮಲಗಿ, ಹೊಟ್ಟೆ ತೋರ್ಸಿ" ಎಂದರು. ಇಷ್ಟು ತಿಂಗಳಲ್ಲಿ ನನ್ನ ಕಾಗದಗಳನ್ನೆಲ್ಲ ನೋಡಿದ್ದರು, ಹೊಟ್ಟೆಯನ್ನು ಯಾರೂ ಕೇಳಿರಲಿಲ್ಲ. ಬೆರಳು ಒತ್ತುತ್ತ ಬಂದವರು ಎಡಗಡೆ ನಿಂತರು.

"ಇದೇನಿದು?"

"ಮದ್ದು ಹಿಡಿದಿರೋ ಗುರುತು, ಮೇಡಂ" ಎಂದೆ, ಸ್ವಲ್ಪ ಹೆಮ್ಮೆಯಿಂದಲೇ.

"ಯಾರು ಹೇಳಿದ್ದು ನಿಮಗೆ?"

"ಎಮ್ಮೆದೊಡ್ಡಿ ದನಗಳು" ಎಂದಳು ನನ್ನ ಹೆಂಡತಿ. ಸಿರಿಂಜು ಕೊಡುವಾಗಿನ ಪಂಚಾಯ್ತಿ ಮಾತು ಬಿಟ್ಟರೆ, ಆ ವಾರದಲ್ಲಿ ಅವಳು ಆಡಿದ ಮೊದಲ ಮಾತು.

ಡಾಕ್ಟರು ನಗಲಿಲ್ಲ. ದನಕ್ಕೆ ಲಸಿಕೆ ವರ್ಷಕ್ಕೆ ಒಂದೋ ಎರಡೋ ಸಲ, ಗಂಟು ಎದ್ದು ಕರಗುತ್ತದೆ. ನಾನು ಒಂದೇ ಜಾಗಕ್ಕೆ ದಿನವೂ ಚುಚ್ಚಿಸಿಕೊಂಡಿದ್ದೆ. ಅಲ್ಲಿ ಚರ್ಮದಡಿಯ ಕೊಬ್ಬು ದಪ್ಪಗಟ್ಟಿದೆ. ಹಾಕಿದ ಮದ್ದು ಅಲ್ಲೇ ತಂಗುತ್ತದೆ, ಒಂದು ದಿನ ತುಸು ಇಳಿಯುತ್ತದೆ, ಇನ್ನೊಂದು ದಿನ ಇಳಿಯುವುದೇ ಇಲ್ಲ. "ಮದ್ದೂ ಸರಿ, ಡೋಸೂ ಸರಿ, ಇವರು ಕೊಟ್ಟಿದ್ದೂ ಸರಿ. ನೀವು ತೋರಿಸಿದ ಜಾಗ ತಪ್ಪು" ಎಂದು ಬಿಡಿಸಿ ಹೇಳಿದರು. ಗಂಟಿನ ಕಡೆ ಇನ್ನು ಸೂಜಿ ತಿರುಗಿಸಲೂ ಬಾರದು. ಹೊಸ ಜಾಗದಲ್ಲಿ ಮದ್ದು ಪೂರಾ ಹಿಡಿಯುವುದರಿಂದ ಡೋಸು ಕಮ್ಮಿ ಮಾಡಬೇಕು, ಮೀಟರು ಆಗಾಗ ನೋಡಬೇಕು, ಬೆವರಿ ಕೈ ನಡುಗಿದರೆ ತಕ್ಷಣ ಸಕ್ಕರೆ ತಿನ್ನಬೇಕು, ಜೇಬಿನಲ್ಲಿ ಸದಾ ಇರಬೇಕು.

"ಸಕ್ಕರೆ? ಇವರ ಜೇಬಲ್ಲಿ?" ಎಂದು ನನ್ನ ಹೆಂಡತಿ ಎರಡು ಸಲ ಕೇಳಿ ಖಚಿತಪಡಿಸಿಕೊಂಡಳು.

ಹೊರಗೆ ಬಂದಾಗ ನಾನು, "ನಿನ್ನ ಕೈಯಲ್ಲಿ ದೋಷವಿಲ್ಲ ಅಂತಾಯ್ತು" ಎಂದೆ. ಕ್ಷಮೆ ಕೇಳುವುದಕ್ಕೆ ಇಲಾಖೆಯಲ್ಲಿ ಬೇರೆ ಮಾದರಿ ಇರಲಿಲ್ಲ.

"ಆಯ್ತಲ್ಲ. ಪಕ್ಕದ ಮನೆಯವರಿಗೂ ಒಂದ್ಮಾತು ಕೂಗಿ ಹೇಳ್ಬಿಡಿ" ಎಂದಳು. ವಾಪಸು ಬರುವಾಗ ಮಾತ್ರ ಒಂದೇ ಸೀಟಿನಲ್ಲಿ ಕೂತೆವು.

ಆಮೇಲಿನ ವ್ಯವಸ್ಥೆ ಪೂರ್ತಿ ಅವಳದು. ರಂಗೋಲಿಗೆ ಚುಕ್ಕಿ ಇಡುವ ಹಾಗೆ, ಹೊಕ್ಕುಳಿಂದ ಎರಡು ಬೆರಳಷ್ಟು ದೂರ ಬಿಟ್ಟು, ದಿನಕ್ಕೊಂದು ಕಡೆ. ಒಂದು ವಾರ ಬಲ ಹೊಟ್ಟೆ, ಒಂದು ವಾರ ತೊಡೆ. ಬಲಗಡೆಯ ಮೊದಲ ಚುಚ್ಚಿಗೆ ನಾನು ಕೂಗಿಬಿಟ್ಟೆ.

"ನಿಮ್ಮ ಹೋರಿಗಳೇ ವಾಸಿ. ಬುಸುಗುಟ್ಟಿದ್ರೂ ಕಿರುಚ್ತಿರ್ಲಿಲ್ಲ" ಎಂದಳು.

"ನೋವಾಗ್ತಿದೆ ಅಂದ್ರೆ ಏನೋ ತಪ್ಪಾಗಿದೆ ಕಣೇ."

"ಮೈಗೆ ಗೊತ್ತಾಗ್ತಿದೆ ಅಂತ ಅರ್ಥ. ಸುಮ್ನೆ ಕೂತ್ಕೊಳ್ಳಿ."

ಸಕ್ಕರೆ ಇಳಿಯತೊಡಗಿತು. ಎಷ್ಟು ವಿಧೇಯವಾಗಿ ಇಳಿಯಿತೆಂದರೆ ನನಗೆ ಮೀಟರಿನ ಮೇಲೆ ಮತ್ತೆ ಅನುಮಾನ ಬಂತು. ತರೀಕೆರೆಯವರು ಬರಹೇಳಿದ ದಿನ ಬೆಳಿಗ್ಗೆ ಇಂಜೆಕ್ಷನ್ ತೆಗೆದುಕೊಂಡು, ಉಪ್ಪಿಟ್ಟಿನ ಡಬ್ಬಿ ಹಿಡಿದು ಬಸ್ಸು ಹತ್ತಿದೆವು. ತರೀಕೆರೆಯಲ್ಲಿ ಇಳಿದೇ ತಿನ್ನೋಣವೆಂದು ಹಟ ಹಿಡಿದವನು ನಾನು. ರೈಲ್ವೆ ಗೇಟು ಬಿತ್ತು. ಗೇಟು ಎದ್ದ ಮೇಲೆ ಬಸ್ಸು ಸ್ಟಾರ್ಟಾಗಲಿಲ್ಲ. ಕತ್ತಿನ ಹಿಂದೆ ಬೆವರು, ಕೈಯಲ್ಲಿ ನಡುಕ, ಬಾಯಲ್ಲಿ ತೊದಲು. ಅವಳು ನನ್ನ ಅಂಗಿಯ ಜೇಬಿಗೆ ಕೈ ಹಾಕಿ, ತಾನೇ ಕಟ್ಟಿಟ್ಟಿದ್ದ ಪೊಟ್ಟಣ ಬಿಚ್ಚಿ, ಸಕ್ಕರೆಯನ್ನು ನನ್ನ ಬಾಯಿಗೆ ಸುರಿದಳು. ಇಷ್ಟು ದಿನ ಸಾಕ್ಷಿ ಹುಡುಕಿದ ಜೇಬಿನಿಂದಲೇ, ಬಸ್ಸಿನ ತುಂಬ ಜನರೆದುರಿಗೆ.

ನಡುಕ ತಗ್ಗಿದ ಮೇಲೆ ಅವಳು ಡಬ್ಬಿಯ ಮುಚ್ಚಳ ತೆಗೆದು ಉಪ್ಪಿಟ್ಟು ಮುಂದಿಟ್ಟಳು. "ಇನ್ನೊಂದು ಚಿಟಿಕೆ ಸಕ್ಕರೆ ಕೊಡು" ಎಂದೆ.

"ಬುದ್ಧಿ ಬಂತು ಅಂತ ಗೊತ್ತಾಯ್ತು" ಎಂದು ಪೊಟ್ಟಣ ಮಡಿಸಿಟ್ಟಳು.

ತರೀಕೆರೆಯಲ್ಲಿ ರಿಪೋರ್ಟು ನೋಡಿ ಆಪರೇಷನ್ನಿಗೆ ದಿನ ಕೊಟ್ಟರು. ಮೊದಲು ಬಲಗಣ್ಣು. ಪಟ್ಟಿ ಬಿಚ್ಚಿದ ಮೇಲೆ ಜಗತ್ತು ಸುಣ್ಣ ಹೊಡೆಸಿಕೊಂಡು ನಿಂತಿತ್ತು. ಮನೆಗೆ ಬಂದು, ಓದಲು ಅಪ್ಪಣೆಯಾದ ದಿನವೇ, ಅಟ್ಟದ ಮೇಲಿನ ಹಳೆಯ ಪತ್ರಿಕೆಗಳನ್ನೆಲ್ಲ ಇಳಿಸಿದೆ. ಪಾತ್ರೆಯ ಗೂಡಿಗೆ ಹಾಸಿದ್ದ ಹಾಳೆಗಳನ್ನೂ ಎಳೆದು ನೋಡಿದೆ. ಸಿಹಿ ತಿಂದು ಕುರುಡಾದ ನಿವೃತ್ತ ನೌಕರ ಯಾವ ಮೂಲೆಯಲ್ಲೂ ಸಿಗಲಿಲ್ಲ.

ಮಾರನೆಯ ಬೆಳಿಗ್ಗೆ ಅವಳು ಸಿರಿಂಜು ತುಂಬಿ ನನ್ನ ಮುಂದೆ ಹಿಡಿದಳು. "ಈಗ ನಿಮ್ಮ ಕಣ್ಣು ಬಂತಲ್ಲ. ನೀವೇ ನೋಡ್ಕೊಳ್ಳಿ."

ಸಿರಿಂಜನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಕಪ್ಪು ಗೀಟುಗಳು ಒಂದೊಂದೂ ಎದ್ದು ನಿಂತವು. ಮದ್ದು ಎಲ್ಲಿಗೆ ಬರಬೇಕೋ ಅಲ್ಲಿಗೇ ಬಂದಿತ್ತು. ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಅವಳಿಗೂ ಸಂತೋಷವಾಗುತ್ತಿತ್ತು.

"ಒಂದು ಸಣ್ಣ ಗಾಳಿಗುಳ್ಳೆ ಇದ್ದಂಗಿದೆ" ಎಂದೆ.

ಅವಳು ಸಿರಿಂಜು ಕಿತ್ತುಕೊಂಡು, ಉಗುರಿನಿಂದ ಎರಡು ಸಲ ತಟ್ಟಿ, "ಇನ್ನೊಂದು ಕಣ್ಣು ಹಂಗೇ ಇರ್ಲಿ ಬಿಡಿ" ಎಂದು ನನ್ನ ಹೊಟ್ಟೆಯ ಬಲಗಡೆಗೆ ಚುಚ್ಚಿದಳು.