ಕಿವಿಗಾಗಿ ಬಿಟ್ಟ ಮಾತ್ರೆ

ಟಕಟಕ, ಟಕಟಕ, ಕಿರ್ರ್. ಅಚ್ಚಿನ ಯಂತ್ರದ ಸದ್ದಿನಲ್ಲಿ ಆ ‘ಕಿರ್ರ್’ ಇರಬಾರದಿತ್ತು. ಮೇಸ್ತ್ರಿ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಯಂತ್ರದ ಮೈಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿಕೊಂಡು ಕಣ್ಣು ಮುಚ್ಚಿದ.

“ಕೆಳಗಿನ ರೋಲರು. ಎಡಗಡೆ ಬೇರಿಂಗ್ ಹೋಗಿದೆ.”

ಬಿಚ್ಚಿ ನೋಡಿದರೆ ಅದೇ ಆಗಿತ್ತು. ಯಾವಾಗಲೂ ಅದೇ ಆಗಿರುತ್ತಿತ್ತು. ಅದಕ್ಕೇ ಅವನಿಗೆ ಕಿವಿ ಮೇಸ್ತ್ರಿ ಎಂಬ ಹೆಸರು ಬಿದ್ದದ್ದು. ಕಣ್ಣಿಗೆ ಕನ್ನಡಕ ಬಂದಿತ್ತು, ಮೊಣಕಾಲು ಮೆಟ್ಟಿಲು ಕಂಡರೆ ಗೊಣಗುತ್ತಿತ್ತು, ಕಿವಿಗೆ ಮಾತ್ರ ವಯಸ್ಸಾಗಿರಲಿಲ್ಲ. ಹೊರದೇಶದಲ್ಲಿ ಹೊಸ ಯಂತ್ರ ಕೂರಿಸಬೇಕಾದರೆ ಕಂಪನಿ ಅವನನ್ನೇ ಕಳಿಸುತ್ತಿತ್ತು. ಹೆಂಡತಿ ಮಾತ್ರ ಈ ಕಿವಿಗೆ ಸೊಪ್ಪು ಹಾಕಿದವಳಲ್ಲ. “ಮಿಷನ್ನು ಪಿಸುಗುಟ್ಟಿದ್ರೂ ಇವರಿಗೆ ಕೇಳುತ್ತೆ. ನಾನು ಅಡುಗೆಮನೆಯಿಂದ ಗಂಟಲು ಹರ್ಕೊಂಡ್ರೂ ಕೇಳಲ್ಲ,” ಎನ್ನುತ್ತಿದ್ದಳು.

ಬೇರಿಂಗ್ ಬದಲಾಯಿಸಲು ಯಂತ್ರ ನಿಲ್ಲಿಸಿದಾಗ ಇನ್ನೊಂದು ಸದ್ದು ಕೇಳಿಸಿತು. ಸ್ಪ್ಯಾನರುಗಳ ತಟ್ಟೆ ಸಣ್ಣಗೆ ಕಟಕಟ ಎನ್ನುತ್ತಿತ್ತು. ಮೇಸ್ತ್ರಿ ತಿರುಗಿ ನೋಡಿದ. ಅವನ ಕೈಕೆಳಗೇ ಕೆಲಸ ಮಾಡುತ್ತಿದ್ದ ಭಾವಮೈದುನ ಬೆಂಚಿಗೆ ಒರಗಿ ಕೂತು ನಡುಗುತ್ತಿದ್ದ. ಅವನ ನಡುಕ ಬೆಂಚಿಗೆ ಹತ್ತಿ, ಬೆಂಚಿನದು ತಟ್ಟೆಗೆ ಹತ್ತಿತ್ತು.

“ಏನೋ ಇದು?”

“ಚಳಿ ಭಾವ. ಮೂಳೆಯೊಳಗಿಂದ ಬರ್ತಿದೆ.”

“ಈ ಸೆಕೇಲಿ ಚಳಿಯಾ? ಮದುವೆ ಗೊತ್ತಾದೋರಿಗೆ ಹೀಗೇ ಆಗೋದು.”

ಭಾವಮೈದುನ ನಗಲು ನೋಡಿದ. ಹಲ್ಲು ಹಲ್ಲಿಗೆ ತಾಗಿ ನಗು ತುಂಡಾಯಿತು.

ಮೇಸ್ತ್ರಿಯೂ ನಕ್ಕ. ನಗುತ್ತಲೇ ಸ್ಪ್ಯಾನರುಗಳ ತಟ್ಟೆಯನ್ನು ಬೆಂಚಿನಿಂದ ಎತ್ತಿ ನೆಲದ ಮೇಲಿಟ್ಟ.

ಇಬ್ಬರೂ ಹೊರದೇಶದಿಂದ ವಾಪಸಾಗಿ ಇನ್ನೂ ಹೆಚ್ಚು ದಿನವಾಗಿರಲಿಲ್ಲ. ಹೊರಡುವ ಮೊದಲು ಕಂಪನಿಯ ವೈದ್ಯರು ಮಾತ್ರೆ ಕೊಟ್ಟು ಬಿಡಿಸಿ ಹೇಳಿದ್ದರು: ಅಲ್ಲಿ ಮಲೇರಿಯಾ ಇದೆ, ಈಗಿನಿಂದಲೇ ಶುರು ಮಾಡಿ, ಅಲ್ಲಿರುವವರೆಗೂ ತಗೊಳ್ಳಿ, ಬಂದ ಮೇಲೂ ಕೆಲವು ವಾರ ಬಿಡಬೇಡಿ, ಒಗ್ಗದಿದ್ದರೆ ಬಂದು ಹೇಳಿ, ಬೇರೆ ಮಾತ್ರೆ ಇದೆ. ಮೊದಲ ಮಾತ್ರೆಗೇ ಮೇಸ್ತ್ರಿಯ ಕಿವಿಯೊಳಗೆ ‘ಗುಂಯ್’ ಎಂದು ಶುರುವಾಯಿತು. ಸಣ್ಣ ಸದ್ದು. ಬೇರೆ ಯಾರಾದರೂ ಆಗಿದ್ದರೆ ತಲೆ ಕೊಡವಿಕೊಂಡು ಸುಮ್ಮನಾಗುತ್ತಿದ್ದರು. ಅವನಿಗೆ ಜೀವವೇ ಹೋದಂತಾಯಿತು. ಅಲ್ಲಿನ ಅತಿಥಿಗೃಹ ಸೇರಿದ ಸಂಜೆ, ಕೈತೊಳೆಯುವ ತೊಟ್ಟಿಯಲ್ಲಿ ತನ್ನ ಮಾತ್ರೆಗಳನ್ನೆಲ್ಲ ನೀರು ಬಿಟ್ಟು ಕಳಿಸಿದ. ಆಮೇಲೆ ಭಾವಮೈದುನನ ಕಡೆ ಕೈಚಾಚಿದ.

“ನಿಂದೂ ಕೊಡು. ಕಿವಿ ಹೋದ ಫಿಟ್ಟರು, ಮೂಗು ಹೋದ ಅಡುಗೆಯವನು, ಇಬ್ಬರೂ ಒಂದೇ.”

“ನಂಗೇನೂ ಆಗ್ತಿಲ್ವಲ್ಲ ಭಾವ?”

“ಆದ್ಮೇಲೆ ಅಳ್ತೀಯಾ? ಇಷ್ಟು ವರ್ಷ ಓಡಾಡಿದೀನಿ, ಯಾವ ಸೊಳ್ಳೆ ನನ್ನ ಏನು ಮಾಡ್ತು?”

ಭಾವಮೈದುನ ಕೊಟ್ಟುಬಿಟ್ಟ. ಆ ಕೋಣೆಯಲ್ಲಿ ಎರಡು ಮಂಚ, ಎರಡು ಸೊಳ್ಳೆಪರದೆ. ಒಂದು ಗಟ್ಟಿ, ಇನ್ನೊಂದು ಹರಿದದ್ದು. “ನೀವು ದೊಡ್ಡೋರು, ಈ ಕಡೆ ಮಲಗಿ ಭಾವ,” ಎಂದು ಗಟ್ಟಿ ಪರದೆಯ ಮಂಚವನ್ನು ಅವನಿಗೆ ಬಿಟ್ಟು, ತಾನು ಹರಿದ ಪರದೆಯ ತೂತುಗಳಿಗೆ ಗಂಟು ಹಾಕುತ್ತ ಕೂತ. ಆಗ ಅದು ಮೇಸ್ತ್ರಿಗೆ ಮರ್ಯಾದೆಯಾಗಿ ಕಂಡಿತ್ತು. ಈಗ ಆ ಗಂಟುಗಳು ಒಂದೊಂದಾಗಿ ಅವನ ಕಣ್ಣಮುಂದೆ ಬರುತ್ತಿದ್ದವು.

ಅದೇ ದಿನ ಸಂಜೆ ಅವನನ್ನು ಮನೆ ಹತ್ತಿರದ ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋದ. ಡಾಕ್ಟರಮ್ಮ ಜ್ವರ ನೋಡಿ, ನಾಲಿಗೆ ನೋಡಿ, “ಇತ್ತೀಚೆಗೆ ಎಲ್ಲಾದ್ರೂ ದೂರ ಹೋಗಿದ್ರಾ? ಬೇರೆ ದೇಶ ಏನಾದ್ರೂ?” ಎಂದು ಕೇಳಿದರು.

ಭಾವಮೈದುನ ಬಾಯಿ ತೆರೆದ. ಅಷ್ಟರಲ್ಲಿ ಮೇಸ್ತ್ರಿಯ ಬಾಯಿಂದ ಮಾತು ಬಂದಾಗಿತ್ತು. “ಎಲ್ಲಿಗೆ ಹೋಗ್ತೀವಿ ಡಾಕ್ಟ್ರೇ? ಮನೆ ಬಿಟ್ರೆ ಮಿಷನ್ನು.”

ಹೋಗಿದ್ದೆವು ಎಂದರೆ ಮುಂದಿನ ಪ್ರಶ್ನೆ ಮಾತ್ರೆಯದು. ಮಾತ್ರೆ ಬಿಟ್ಟದ್ದೇಕೆ, ಬಿಡಿಸಿದ್ದು ಯಾರು? ಆ ಪ್ರಶ್ನೆಯವರೆಗೆ ನಡೆಯುವ ಧೈರ್ಯ ಅವನಿಗಿರಲಿಲ್ಲ. ಭಾವಮೈದುನ ಒಮ್ಮೆ ಅವನ ಮುಖ ನೋಡಿ ಬಾಯಿ ಮುಚ್ಚಿಕೊಂಡ. ಆ ನೋಟದಲ್ಲಿ ದೂರು ಇದ್ದಿದ್ದರೆ ಮೇಸ್ತ್ರಿ ತಡೆದುಕೊಳ್ಳುತ್ತಿದ್ದ. ಭಾವ ಹೇಳಿದ ಮೇಲೆ ಏನೋ ಕಾರಣ ಇರಬೇಕು ಎಂಬ ನಂಬಿಕೆಯಷ್ಟೇ ಇತ್ತು.

ಮರುದಿನ ಬೆವರು ಕಿತ್ತುಬಂದು ಜ್ವರ ಇಳಿಯಿತು. ಮೇಸ್ತ್ರಿ ಹಗುರಾಗಿ ಉಸಿರುಬಿಟ್ಟ. ಮನೆಯಲ್ಲಿ ಎಂದಿಗಿಂತ ಜಾಸ್ತಿ ಮಾತಾಡಿದ, ಬೇಡದ ಜೋಕು ಹೇಳಿದ. ಅದರ ಮಾರನೆಯ ದಿನ ಚಳಿ ತಿರುಗಿ ಬಂತು. ಈ ಸಲ ಭಾವಮೈದುನ ಅಕ್ಕನನ್ನು ಗುರುತಿಸಲಿಲ್ಲ. ಇಲ್ಲದ ಸೊಳ್ಳೆಪರದೆಯನ್ನು ಗಾಳಿಯಲ್ಲಿ ಹಿಡಿದು ಗಂಟು ಹಾಕುತ್ತಿದ್ದ. ಮೇಸ್ತ್ರಿ ಅವನ ಬೆನ್ನಿಗೆ ಕಿವಿ ಇಟ್ಟ. ಒಳಗೆ ಏನೇನೋ ಓಡುತ್ತಿತ್ತು. ಎಲ್ಲಿ ಸವೆದಿದೆ, ಯಾವುದು ಸಡಿಲವಾಗಿದೆ, ಒಂದೂ ತಿಳಿಯಲಿಲ್ಲ.

ಅದೇ ನರ್ಸಿಂಗ್ ಹೋಮಿನಲ್ಲಿ ದಾಖಲು ಮಾಡಿದರು. ಡಾಕ್ಟರಮ್ಮ ಹೊರಗೆ ಬಂದು, “ಯಾವ ಜ್ವರ ಅಂತ ಇನ್ನೂ ಹೊಳೀತಿಲ್ಲ. ಊರಲ್ಲಿ ಓಡಾಡ್ತಿರೋ ಜ್ವರಗಳನ್ನೆಲ್ಲ ನೋಡ್ತಿದೀವಿ,” ಎಂದು ಹೇಳಿ ಪಡಸಾಲೆಯ ಕೊನೆಯ ಕೋಣೆಗೆ ಹೋದರು. ಗಂಡ ಹೆಂಡತಿ ಗೋಡೆಗೆ ತಾಗಿದ ಬೆಂಚಿನ ಮೇಲೆ ಕೂತರು.

“ಹೊರದೇಶಕ್ಕೆ ಹೋಗಿ ಬಂದಿದ್ದು ಮೊನ್ನೇನೇ ಹೇಳಿದೀರಿ ತಾನೆ?” ಹೆಂಡತಿ ಕೇಳಿದಳು.

“ಹ್ಞೂಂ,” ಎಂದ.

“ಹೇಳಿರ್ತೀರಿ ಬಿಡಿ. ನಂಗ್ಯಾಕೋ ಒಂದೊಂದು ಸಲ ಬರೀ ಕೆಟ್ಟದ್ದೇ ತಲೆಗೆ ಬರುತ್ತೆ.” ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು. ತಾಯಿ ಹೋದ ಮೇಲೆ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳೇ. “ಬೇರೆ ಯಾರ ಜೊತೆಗಾದ್ರೂ ನಾನು ಕಳಿಸ್ತಿರಲಿಲ್ಲ ಕಣ್ರೀ. ನೀವಿದೀರಿ ಅಂತ ಕಳಿಸಿದ್ದು. ಆ ಮಾತ್ರೇನ ನಾನೇ ಅವನ ಚೀಲದಲ್ಲಿಟ್ಟೆ. ಮರೀಬೇಡ್ವೋ ಅಂದ್ರೆ ಏನಂದ ಗೊತ್ತಾ? ನಾನು ಮರೆತ್ರೂ ಭಾವ ಬಿಡ್ತಾರಾ ಅಕ್ಕ, ಅವರು...”

ಮೇಸ್ತ್ರಿ ಎದ್ದ.

“ಅವರು ಕಿವಿ ಹಿಂಡಿ ನುಂಗಿಸ್ತಾರೆ ಅಂದ. ರೀ, ಎಲ್ಲಿಗೆ? ನಾನಿಲ್ಲಿ ಮಾತಾಡ್ತಾ ಇದೀನಿ.”

ಮೊಣಕಾಲು ಗೊಣಗಿತು. ಅವನು ಹಿಂದಿರುಗಿ ನೋಡಲಿಲ್ಲ. ನೋಡಿದ್ದರೆ ಮತ್ತೆ ಕೂತುಬಿಡುತ್ತಿದ್ದ. ಪಡಸಾಲೆಯ ಕೊನೆಯ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಡಾಕ್ಟರಮ್ಮ ಯಾರಿಗೋ ಫೋನಿನಲ್ಲಿ ಏನೋ ಕೇಳುತ್ತಿದ್ದರು. ಅವನು ಅತ್ತ ನಡೆದ.

“ರೀ,” ಹೆಂಡತಿಯ ದನಿ ಬೆನ್ನ ಹಿಂದಿನಿಂದ ಬಂತು. “ಕೇಳಿಸ್ತಾ ಇದೆಯಾ ನಿಮಗೆ?”

ಕೇಳಿಸುತ್ತಿತ್ತು. ಅವನು ಕೈ ಎತ್ತಿ ಬಾಗಿಲು ತಟ್ಟಿದ.