ಭೀಮಬಾಯಿ ಗುಡಿಸುವ ಹೊಸ್ತಿಲು

ಬೆಳಕು ಹರಿಯುತ್ತಿದೆ. ಬೀದರದಿಂದ ಟಾಂಗಾ ಹಿಡಿದು ಅಷ್ಟೂರಿಗೆ ಬಂದವರೆಲ್ಲ ಬಹಮನಿ ಸುಲ್ತಾನರ ಗುಂಬಜ ನೋಡಿ ಕತ್ತು ನೋಯಿಸಿಕೊಳ್ಳುತ್ತಾರೆ, ನೆಲ ನೋಡುವವರಿಲ್ಲ. ನಾನೂ ಅದೇ ಪೈಕಿ. ಕೆಮ್ಮುತ್ತ ಅಂಗಳ ಗುಡಿಸುತ್ತಿರುವ ಭೀಮಬಾಯಿಯನ್ನು ಕಂಡು, "ಕೊಡಿ ಬಾಯಿ, ಹೊಸ್ತಿಲು ನಾನು ಗುಡಿಸುತ್ತೇನೆ" ಎಂದು ಕಸಬರಿಗೆಗೆ ಕೈ ಹಾಕುತ್ತೇನೆ.

"ಮುಟ್ಟಬ್ಯಾಡ್ರಿ!"

ಅಬ್ಬಾ, ಎಂಥ ಕೂಗು! ಗುಂಬಜದ ಪಾರಿವಾಳಗಳೆಲ್ಲ ಎದ್ದು ಹಾರುತ್ತವೆ. ಆಕೆ ಕಸಬರಿಗೆಯನ್ನು ಎದೆಗವಚಿಕೊಂಡು ಹಿಂದೆ ಸರಿಯುತ್ತಾಳೆ. ಇಷ್ಟಕ್ಕೆ ಇಷ್ಟು ರಂಪವೇ ಎಂದು ನನಗೆ ಸಿಟ್ಟೇ ಬರುತ್ತದೆ. ಕಾರಣ ಆಮೇಲೆ ಆಕೆಯೇ ಹೇಳುತ್ತಾಳೆ.

ಭೀಮಬಾಯಿ ಕುರಿ ಸಾಕುವ ಮನೆತನದಾಕೆ. ಗಂಡ ಧೊಂಡಿಬಾನನ್ನು ನಿಜಾಮನ ಕಡೆಯ ರಜಾಕಾರರು ಕೊಂದರು. ಕೆಲವೇ ತಿಂಗಳಲ್ಲಿ ಭಾರತದ ಸೈನ್ಯ ಬಂದು ಪೊಲೀಸ್ ಆಕ್ಷನ್ ಆಯಿತು. ಆಗ ಜೀವ ಹಿಡಿದುಕೊಂಡು ಓಡುವ ಸರದಿ ಮುಸಲ್ಮಾನರದಾಯಿತು. ಗುಂಬಜದಲ್ಲಿ ದೀಪ ಹಚ್ಚುತ್ತಿದ್ದ ಅಬ್ದುಲ ವಾಹೀದ, ಹೆಂಡತಿ ಮತ್ತು ಕೂಸಿನೊಡನೆ ಇಲ್ಲೇ ಅಡಗಿದ. ಅವರಿಗೆ ರೊಟ್ಟಿ ಒಯ್ದವಳು ಇದೇ ಭೀಮಬಾಯಿ.

"ನಿಮಗೆ ಸಿಟ್ಟು ಬರಲಿಲ್ಲವೇ?"

"ಬಂದಿತ್ರಿ. ಆದ್ರ ನನ್ನ ಗಂಡನ್ನ ಕೊಂದಾವ ವಾಹೀದಣ್ಣ ಅಲ್ಲಲ್ರಿ. ಕೂಸು ಹಸದಿತ್ತು."

ಅವರ ನಡುವೆ ಒಂದು ಗುರುತಿತ್ತು. ಹೊಸ್ತಿಲ ಮೇಲೆ ಕಸ ಬಿದ್ದಿದ್ದರೆ ಹೊರಗೆ ಬರಕೂಡದು; ಭೀಮಬಾಯಿ ಬಂದು ಗುಡಿಸಿದ್ದರೆ ಭಯವಿಲ್ಲ. ಒಂದು ಅಮಾವಾಸ್ಯೆ ಭೀಮಬಾಯಿ ಜ್ವರ ಬಂದು ಮಲಗಿದ್ದಳು. ಎಲ್ಲ ಜಾತಿಯವರೂ ಕೈಮುಗಿಯುವ ಜಾಗವಿದು, ಆಕೆಯ ಅತ್ತೆಯೂ ನಡೆದುಕೊಳ್ಳುತ್ತಿದ್ದಳು. ಅವಳಿಗೋ ಗುರುತಿನ ಸಂಗತಿಯೇ ಗೊತ್ತಿಲ್ಲ.

"ಅಮಾಸಿ ದಿನ ಹೊಸ್ತಲದಾಗ ಕಸ ಇರಬಾರದಂತ ಅತ್ತಿ ಬಂದು ಉಡುಗಿ ಹೋದಳ್ರಿ. ವಾಹೀದಣ್ಣ ಅದನ್ನ ನೋಡಿ ನೀರು ತರಾಕ ಹೊರಗ ಬಂದ. ಬಾವಿ ಹತ್ರ ಮಂದಿ ಬಡಗಿ ಕೋಲು ಹಿಡ್ಕೊಂಡು ನಿಂತಿದ್ರು. ಕೊಂದೇ ಬಿಟ್ರರಿ."

ನಾನು ಗುಡಿಸಹೊರಟಿದ್ದು ಅದೇ ಹೊಸ್ತಿಲನ್ನು! ಶಿವಶಿವಾ, ಗುಡಿಸಿದ್ದಕ್ಕೆ ಒಂದು ಜೀವ ಹೋಯಿತೇ?

ಇದಾಗಿ ಆರು ವರ್ಷ. ಈ ಹೊಸ್ತಿಲನ್ನು ಆಕೆ ಬೇರೆಯವರ ಕೈಗೆ ಬಿಟ್ಟಿಲ್ಲ. ಈಗಲೂ ಮೊದಲು ಬಾವಿಯ ತನಕ ಹೋಗಿ ನೋಡಿಬರುತ್ತಾಳೆ, ಆಮೇಲೆಯೇ ಗುಡಿಸುವುದು.

ಬೇವಿನ ಮರದಡಿ ಒಬ್ಬ ಹೆಂಗಸು ಮಗಳ ಕೈ ಹಿಡಿದು ಆಗಿನಿಂದ ನಿಂತಿದ್ದಾಳೆ. ಆಕೆಯೇ ವಾಹೀದನ ಹೆಂಡತಿಯಂತೆ; ಹುಡುಗಿ ಆಗಿನ ಆ ಕೂಸು. ಈಗ ಬೀದರ ಶಹರದಲ್ಲಿದ್ದು, ಗುರುವಾರಕ್ಕೊಮ್ಮೆ ದೀಪ ಹಚ್ಚಲು ಬರುತ್ತಾಳೆ. ಬಾಗಿಲು ತೆರೆದೇ ಇದ್ದರೂ ಮುಂದೆ ಬರುತ್ತಿಲ್ಲ.

"ಆಕಿಗೆ ಎಲ್ಲಾ ಹೇಳೇನ್ರಿ. ಬೈದಳು, ಅತ್ತಳು. ವರ್ಷಗಟ್ಟಲೆ ಈ ಕಡಿ ಹಾಯಲೇ ಇಲ್ಲ."

ಭೀಮಬಾಯಿ ಬಗ್ಗಿ ಹೊಸ್ತಿಲು ಗುಡಿಸುತ್ತಾಳೆ. ಮರದಡಿಯ ಹೆಂಗಸು ಮಗಳ ಕೈ ಬಿಡುತ್ತಾಳೆ. ಹುಡುಗಿ ಓಡಿಬಂದು ಹೊಸ್ತಿಲು ದಾಟುತ್ತಾಳೆ.

"ನೋಡಿದ್ರೇನ್ರಿ?" ಭೀಮಬಾಯಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾಳೆ. "ನಾ ಉಡುಗಿದ್ರ ಆಕಿ ಕೂಸಿನ್ನ ಬಿಡ್ತಾಳ್ರಿ."